ಹಾವಿನ ಮನೆಗೆ ಹೋದ ಹುಡುಗಿ

ಮಸರಕಲ್, ದೇವದುರ್ಗ ತಾಲ್ಲೂಕು
5 ಆಗಸ್ಟ್ 2024

ನಾಗವೇಣಿಗೆ ನಿನ್ನ ಸೋದರಮಾವ ಯಂಕೋಬ ಬರೆಯುವುದು.

ನಾಲ್ಕನೇ ತರಗತಿಗೆ ಬಿಟ್ಟ ಪೆನ್ನನ್ನು ಈ ಮುಪ್ಪಿನಲ್ಲಿ ಹಿಡಿಸಿದೆ. ಬೆರಳು ಸೆಟೆದುಕೊಳ್ಳುತ್ತವೆ, ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಮೈಯೆಲ್ಲ ಸಿಟ್ಟು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತುವವಳು ಯಾರೋ ಉಮಾಶ್ರೀ ಅಂತೆ, ನಿನ್ನ ಕಾಗದಪತ್ರ ನೋಡಿಕೊಳ್ಳುವವಳಂತೆ. "ಮೇಡಂ ಕಾರ್ಯಕ್ರಮದಾಗ ಅದಾರ್ರಿ. ತಾವು ಯಾವ ಸಾಲಿಯಿಂದ್ರೀ?" ಎಂದಳು. "ಸಾಲಿ ಬಿಟ್ಟು ಅರವತ್ತು ವರ್ಷ ಆತವಾ, ನಾ ಆಕಿ ಮಾವ" ಎಂದೆ. "ಹಂಗಾರ ಪತ್ರ ಬರೀರಿ, ಪತ್ರಕ್ಕ ಮೇಡಂ ತಪ್ಪದ ಉತ್ತರ ಕೊಡ್ತಾರ" ಎಂದು ಇಟ್ಟುಬಿಟ್ಟಳು. ನಾನೇ ಬಂದು ಬಾಗಿಲು ಬಡಿಯುತ್ತಿದ್ದೆ. ಹೋದ ವರ್ಷ ಸೊಂಟ ಮುರಿದ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾರೆ. ಮಗ ಶೇಖರ ಕಂಡಕ್ಟರ್, ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತಾನೆ. ಹೋಗಿ ಹೇಳು ಎಂದರೆ, "ಅಕ್ಕ ಅಷ್ಟು ದೊಡ್ಡಾಕಿ, ಆಕಿಗೆ ಹಂಗೆಲ್ಲ ಹೇಳಬಾರ್ದು ಯಪ್ಪಾ" ಎನ್ನುತ್ತಾನೆ. ಹಾಗಾಗಿ ಬರೆಯುತ್ತಿದ್ದೇನೆ.

ವಿಷಯ ಕೇಳು. ಶಿವರಾಜ ಅಂತ ಒಬ್ಬ ಬೀಜದ ಕಂಪನಿಯ ಏಜೆಂಟ್. ಕಾಲುವೆ ಕೆಳಗಿನ ಹೊಲಗಳಲ್ಲಿ ಹತ್ತಿಬೀಜದ ಪ್ಲಾಟ್ ಹಾಕಿಸಿದ್ದಾನೆ. ಅಲ್ಲಿಯ ಕೆಲಸ ನಿನಗೆ ಹೇಳಿಕೊಡಬೇಕಾಗಿಲ್ಲ. ಸಂಜೆ ಮೊಗ್ಗು ಸುಲಿಯುವುದು, ಬೆಳಗ್ಗೆ ಗಂಡು ಹೂ ತಂದು ಹೆಣ್ಣು ಹೂವಿಗೆ ಮುಟ್ಟಿಸುವುದು. ಸಣ್ಣ ಬೆರಳು ಬೇಕು, ಗಿಡದಷ್ಟೇ ಎತ್ತರದ ಹುಡುಗಿಯರು ಬೇಕು. ನೀನೂ ನಿನ್ನ ತಂಗಿ ಮೂಕಿಯೂ ಚೀಕಲಪರ್ವಿಯ ಸಾಹುಕಾರನ ಹೊಲದಲ್ಲಿ ಮಾಡಿದ ಕೆಲಸ. ಈಗ ನಮ್ಮ ಓಣಿಯಲ್ಲಿ ಯಾರೂ ಮಕ್ಕಳನ್ನು ಅಲ್ಲಿಗೆ ಕಳಿಸುವುದಿಲ್ಲ. ಅದು ಅವನಿಗೂ ಗೊತ್ತು. ಅದಕ್ಕೇ ದೊಡ್ಡವರ ಹತ್ತಿರ ಬರಲಿಲ್ಲ. ಸಾಲಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಹುಡುಗಿಯರಿಗೆ ನಿನ್ನ ಪುಸ್ತಕ ಹಂಚಿದ. "ಹತ್ತಿಹೂವಿನ ದಿಬ್ಬಣ." ಅವನ ಟೆಂಪೊದ ಮೇಲೂ ನಿನ್ನ ಕಥೆಯ ಹುಡುಗಿ ಚಿನ್ನಿಯ ಚಿತ್ರ ಬರೆಸಿದ್ದಾನೆ. "ಸೂಟಿ ಬಿಟ್ಟ ಕೂಡಲೇ ಮದುವಿಗೆ ಬರ್ರಿ, ಚಿನ್ನಿಗಳಾ!" ಎಂದು ಕೂಗುತ್ತಾನೆ.

ಶೇಖರನ ಮಗಳು ವಿಶಾಖಾ ಅದನ್ನು ನನಗೆ ಓದಿ ಹೇಳಿದಳು. ಒಂಬತ್ತು ವರ್ಷದ ಹುಡುಗಿ, ಚೆನ್ನಾಗಿ ಓದುತ್ತಾಳೆ. ಚಿನ್ನಿ ಸಂಜೆ ಮದುಮಗಳನ್ನು ಸಿಂಗರಿಸುತ್ತಾಳಂತೆ, ಬೆಳಗ್ಗೆ ಮದುಮಗನನ್ನು ಕರೆತರುತ್ತಾಳಂತೆ. ಮಧ್ಯಾಹ್ನ ಬೆಳ್ಳಿ ಲೋಟದಲ್ಲಿ ಪಾನಕ ಕುಡಿಯುತ್ತಾಳಂತೆ. ಆಗ ಬಿಳಿ ಹಾವು ಬಂದು ತನ್ನ ಮನೆಗೆ ಕರೆದೊಯ್ಯುತ್ತದಂತೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಅಜ್ಜಾ, ನಾನೂ ದಸರಾ ಸೂಟಿಯಾಗ ಹೋಗ್ತೀನಿ. ಅಸ್ಮತ್‌ನೂ ಬರ್ತಾಳ."

"ಅಲ್ಲಿ ಎಣ್ಣಿ ಹೊಡೀತಾರಬೇ. ಹುಳ ಸಾಯೋ ಎಣ್ಣಿ. ನಮ್ಮ ಮೂಕಿ ಅಲ್ಲೇ ಸತ್ತಾಳ."

"ಪುಸ್ತಕದಾಗ ಸತ್ತಾಳ ಅಂತ ಇಲ್ಲೇ ಇಲ್ಲ. ನಿಂಗ ಛಂದಾಗಿ ಓದಾಕ ಬರಂಗಿಲ್ಲ, ಸುಮ್ನ ಕೂಡಜ್ಜಾ."

ನನ್ನ ಮಾತು ಅವಳಿಗೆ ಮಾತಲ್ಲ. ಅಚ್ಚಾದದ್ದು ನಿನ್ನ ಮಾತು. ದಸರಾ ಸೂಟಿಗೆ ಮುಂಚೆ ನೀನು ಬಂದು ಸಾಲಿಯ ಮುಂದೆ ನಿಂತು, ಮೂಕಿಗೆ ಏನಾಯಿತೆಂದು ಈ ಹುಡುಗಿಯರಿಗೆ ಹೇಳಬೇಕು. ಹೂಮಾಲೆ ಚಹಾ ಏನೂ ಇರುವುದಿಲ್ಲ.

ಯಂಕೋಬ


ಚಿನ್ನಿ ಅಂಚೆ, ರಾಯಚೂರು
22 ಆಗಸ್ಟ್ 2024

ಮುದ್ದು ಓದುಗ ಯಂಕೋಬ,

ನಿನ್ನ ಪತ್ರ ಓದಿ ಚಿನ್ನಿಗೆ ತುಂಬಾ ಖುಷಿಯಾಯಿತು! ನಿನ್ನ ಅಕ್ಷರಗಳು ಕುಣಿಯುವ ಮೊಲಗಳಂತೆ ಇವೆ. ನಿನಗೆ ಚಿನ್ನಿಯ ಯಾವ ಸಾಹಸ ಇಷ್ಟವಾಯಿತು? ಚಿತ್ರ ಬರೆದು ಕಳಿಸು. ದಿನವೂ ಒಂದು ಪುಟ ಓದು, ಗುರುಗಳ ಮಾತು ಕೇಳು, ಹಿರಿಯರಿಗೆ ನಮಸ್ಕಾರ ಹೇಳು.

ನಿನ್ನ ಗೆಳತಿ,
ನಾಗವೇಣಿ ಅಕ್ಕ

ಪುಟ್ಟಾ, ಇನ್ನು ಮುಂದೆ ಸಾಲು ನೇರವಾಗಿ ಬರೆಯಲು ಪ್ರಯತ್ನಿಸು. ಜಾಣ! – ಉ.


ಮಸರಕಲ್
30 ಆಗಸ್ಟ್ 2024

ನಾಗವೇಣಿ,

ನಿನ್ನ ಕಾರ್ಡು ಬಂತು. ಪೋಸ್ಟಿನವನು ಓಣಿಯಲ್ಲಿ ನಿಂತು ಓದಿ ಹೇಳಿದ. "ಯಂಕೋಬ ಪುಟ್ಟಾ, ಚಿನ್ನಿಗೆ ಖುಷಿ ಆಗ್ಯಾದಂತ ನೋಡು" ಎಂದ. ಓಣಿಯೆಲ್ಲ ನಕ್ಕಿತು. ವಿಶಾಖಾ ಮಾತ್ರ ನಗಲಿಲ್ಲ. ಚಿನ್ನಿ ಬರೆದ ಕಾರ್ಡು ಅಜ್ಜನಿಗೆ ಬಂದಿದೆ, ತನಗೆ ಬಂದಿಲ್ಲ ಎಂದು ಅತ್ತಳು. ಆ ಕಾರ್ಡನ್ನು ಈಗ ಅವಳೇ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಎಪ್ಪತ್ತೆರಡು ವರ್ಷದ ನನ್ನ ಅಕ್ಷರ ನೋಡಿ ನಿನ್ನ ಉಮಾಶ್ರೀ ಸಣ್ಣ ಹುಡುಗ ಎಂದುಕೊಂಡಳು, ಸರಿ. ಒಳಗೆ ಏನಿದೆ ಅಂತ ಓದಬಾರದೇ? ನೀವು ಪುಸ್ತಕದವರು ಮಕ್ಕಳ ಪತ್ರ ಹೀಗೇ ಓದುತ್ತೀರಾ? ಯಾವುದೋ ಕೂಸು "ನನ್ನ ಕೊಲ್ಲಾಕತ್ತಾರ" ಎಂದು ಬರೆದರೂ ಮೊಲ ಕುಣಿಯುತ್ತದೆಯೇ ಅಲ್ಲಿ?

ಮತ್ತೆ ಎಲ್ಲ ಬರೆಯಲಾರೆ, ಕೈ ನೋಯುತ್ತದೆ. ಹಳೆಯ ಪತ್ರ ಹುಡುಕಿಸಿ ಓದು. ಮೂಕಿಯ ಸಾವನ್ನು ನೀನು ಮದುವೆ ಮಾಡಿ ಬರೆದೆ. ಅದನ್ನು ತೋರಿಸಿ ಶಿವರಾಜ ಹುಡುಗಿಯರನ್ನು ಪ್ಲಾಟಿಗೆ ಕರೆಯುತ್ತಿದ್ದಾನೆ. ದಸರಾ ಸೂಟಿಯೊಳಗೆ ಬಾ.

ಇದು ದೊಡ್ಡವರ ಪತ್ರ. ಲಕೋಟೆಯ ಮೇಲೂ ಹಾಗೇ ಬರೆದಿದ್ದೇನೆ.

ಯಂಕೋಬ


ರಾಯಚೂರು
12 ಸೆಪ್ಟೆಂಬರ್ 2024

ಪೂಜ್ಯ ಮಾವನವರಿಗೆ ನಾಗವೇಣಿಯ ಜೈಭೀಮ್.

ಲಕೋಟೆಯ ಮೇಲಿನ "ದೊಡ್ಡವರ ಪತ್ರ" ನೋಡಿ ಮೊದಲು ನಗು ಬಂತು, ಆಮೇಲೆ ಬೆವರು ಬಂತು. ಕಾರ್ಡಿನ ವಿಷಯಕ್ಕೆ ಕ್ಷಮಿಸಿ. ಆಗಸ್ಟಿನಲ್ಲಿ ನಾನು ಧಾರವಾಡದಲ್ಲಿದ್ದೆ, ಅಲ್ಲಿಂದ ಮೈಸೂರಿಗೆ ಹೋದೆ. ನಿಮ್ಮ ಮೊದಲ ಪತ್ರ ಉಮಾಶ್ರೀಗೆ ಸಿಗುತ್ತಿಲ್ಲ. ಓದಿದ ಪತ್ರಗಳನ್ನು ಮೂಟೆ ಕಟ್ಟಿ ಗೋಡೌನಿಗೆ ಹಾಕುತ್ತಾರೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಮಾವ. ಇಷ್ಟು ವರ್ಷ ಎಲ್ಲ ವೇದಿಕೆಗಳಲ್ಲಿ ಚಿನ್ನಿ ಚಿನ್ನಿ ಎಂದೆ, ಮೂಕಿ ಎಂದು ಒಮ್ಮೆಯೂ ಹೇಳಲಿಲ್ಲ. ಮನೆಯವರ ಹೆಸರು ಎಲ್ಲೂ ಬರಲಿಲ್ಲ. ಮುಂದಿನ ಮುದ್ರಣದಲ್ಲಿ ಮೊದಲ ಪುಟಕ್ಕೆ "ನನ್ನ ತಂಗಿ ಮೂಕಮ್ಮನಿಗೆ, ಮಸರಕಲ್ಲಿನ ಮಾವ ಯಂಕೋಬನವರಿಗೆ" ಎಂದು ಹಾಕಿಸುತ್ತೇನೆ.

ಆದರೆ ಸಾವನ್ನು ಮದುವೆ ಮಾಡಿದೆ ಎಂದಿರಲ್ಲ, ಅದಕ್ಕೆ ಒಂದು ಮಾತು. ಮೂಕಿ ಹೋದ ಮೇಲೆ ನಾನು ಅನ್ನ ಬಿಟ್ಟಿದ್ದು ನಿಮಗೆ ನೆನಪಿರಬೇಕು. ಅವ್ವ ನನ್ನನ್ನು ಮಡಿಲಲ್ಲಿ ಹಾಕಿಕೊಂಡು, "ಹಾವು ಕಡೀಲಿಲ್ಲಬೇ, ಮುತ್ತು ಕೊಡ್ತು. ನಿನ್ ತಂಗಿ ಹಾವಿನ ಮನಿಗೆ ಹೋಗ್ಯಾಳ, ಅಲ್ಲಿ ಉಣ್ತಾಳ, ನೀನೂ ಉಣ್ಣು" ಎಂದಳು. ನಾನು ಉಂಡೆ. ಮಾನ್ವಿಯ ಹಾಸ್ಟೆಲಿನಲ್ಲಿ ಒಬ್ಬಳೇ ಮಲಗಿದಾಗ ಹಾವಿನ ಮನೆಯಲ್ಲಿ ಈಗ ಮೂಕಿ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಟೀಚರ್ ಆದ ಮೇಲೆ ಅದನ್ನೇ ಮಕ್ಕಳಿಗೆ ಹೇಳಿದೆ. ಮಕ್ಕಳು "ಆಮೇಲ್ರೀ ಮಿಸ್?" ಎಂದರು. ಹನ್ನೊಂದು ಪುಸ್ತಕವಾದವು. ಪಠ್ಯಕ್ಕೆ ಹೋದವು, ಬೇರೆ ಭಾಷೆಗೆ ಹೋದವು, ಪ್ರಶಸ್ತಿ ಬಂದವು. ನನಗೆ ಮಕ್ಕಳಾಗಲಿಲ್ಲ, ಸಂಸಾರ ನಿಲ್ಲಲಿಲ್ಲ. ಇರುವುದು ಇದೊಂದೇ. ಏಳಕ್ಕೇ ಹೋದ ಮೂಕಿಗೆ ಒಂದೊಂದು ಪುಸ್ತಕದಲ್ಲೂ ಒಂದು ವರ್ಷ ವಯಸ್ಸು ಕೊಟ್ಟಿದ್ದೇನೆ.

ಬೀಜದ ಕಂಪನಿಯವರು ಹಂಚುವ ಪ್ರತಿಗಳ ವಿಚಾರ ಪ್ರಕಾಶಕರು ನೋಡುತ್ತಾರೆ, ನನಗೆ ಹೆಚ್ಚು ತಿಳಿಯದು. ಹಳ್ಳಿಯ ಮಕ್ಕಳ ಕೈಗೆ ಪುಸ್ತಕ ಸಿಗುವುದಾದರೆ ಒಳ್ಳೆಯದೇ ಅಲ್ಲವೇ? ಕಥೆ ಓದಿ ಯಾರೂ ಕೂಲಿಗೆ ಹೋಗುವುದಿಲ್ಲ ಮಾವ.

ಈ ತಿಂಗಳು ಬರಲಾಗದು. ನಿಮಗೊಂದು ಶಾಲು, ವಿಶಾಖಾಗೆ ಚಿನ್ನಿಯ ಹನ್ನೊಂದೂ ಪುಸ್ತಕ ಕಳಿಸಿದ್ದೇನೆ. ಸೊಂಟ ಜೋಪಾನ.

ನಿಮ್ಮ
ನಾಗವೇಣಿ


ಮಸರಕಲ್
20 ಸೆಪ್ಟೆಂಬರ್ 2024

ನಾಗವೇಣಿ,

ಶಾಲನ್ನು ಶೇಖರನ ಕೈಲಿ ವಾಪಸು ಕಳಿಸಿದ್ದೇನೆ. ಪುಸ್ತಕಗಳನ್ನೂ ಕಳಿಸುತ್ತಿದ್ದೆ, ವಿಶಾಖಾ ಬಿಡಲಿಲ್ಲ. ಅವುಗಳನ್ನು ತಬ್ಬಿಕೊಂಡು ಅಟ್ಟ ಹತ್ತಿ ಕೂತಳು, ನಾನು ಕೆಳಗೆ ಕೋಲು ಹಿಡಿದು ನಿಂತೆ. ಸೊಂಟ ಮುರಿದವನಿಗೆ ಅಟ್ಟ ಎಂದರೆ ತಿರುಪತಿ ಬೆಟ್ಟ.

ನನಗೆ ಯಾವ ಪುಟದಲ್ಲೂ ಹೆಸರು ಬೇಡ. ಹೆಸರು ಕೇಳಿದವರು ಯಾರು?

ನಿನ್ನ ಪತ್ರ ಎರಡು ಸಲ ಓದಿದೆ. ನೀನು ಇನ್ನೂ ಹಾವು ಎನ್ನುತ್ತೀಯ. ಹನ್ನೊಂದು ವರ್ಷದವಳಿದ್ದೆ, ಪಕ್ಕದ ಸಾಲಿನಲ್ಲೇ ಇದ್ದೆ, ಅವಳ ಬಾಯಿ ಒರೆಸಿದವಳು ನೀನೇ. ನಿನಗೆ ಗೊತ್ತಿತ್ತು, ಗೊತ್ತಿದ್ದೂ ಸಾಹುಕಾರ ಹೇಳಿದ ಸುಳ್ಳನ್ನೇ ಅಚ್ಚು ಹಾಕಿಸಿದೆ ಎಂದುಕೊಂಡಿದ್ದೆ. ಈಗ ಹೇಗೆ ತಿಳಿಯಬೇಕೋ ತಿಳಿಯದು. ಗೊತ್ತಿಲ್ಲದಿದ್ದರೆ ಈಗ ತಿಳಿ.

ಆವತ್ತು ನಾನು ರೊಟ್ಟಿ ಗಂಟು ತಂದಿದ್ದೆ. ಹೊಲದ ಆ ಕಡೆ ಎಣ್ಣೆ ಹೊಡೆಯುತ್ತಿದ್ದರು. ಬದುವಿನ ಮೇಲೆ ಸಾಹುಕಾರನ ನೀರಿನ ಕೊಡ ಇತ್ತು. ಅದನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. ಅವರ ಆಳು ಬಂದು ಮೇಲಿನಿಂದ ಸುರಿಯಬೇಕು, ನಾವು ಬೊಗಸೆಯಲ್ಲಿ ಕುಡಿಯಬೇಕು. ಆಳು ಉಣ್ಣಲು ಹೋಗಿದ್ದ. ಬಿಸಿಲು ಸುಡುತ್ತಿತ್ತು. ಮೂಕಿ ಕೊಡದ ಮುಂದೆ ಸ್ವಲ್ಪ ಹೊತ್ತು ನಿಂತಳು. ಎಣ್ಣೆ ಅಳೆಯುವ ತಗಡಿನ ಡಬ್ಬಿ ಬದುವಿನ ಕೆಳಗೆ ಬಿದ್ದಿತ್ತು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು, ಅದನ್ನೆತ್ತಿಕೊಂಡು ಕಾಲುವೆ ನೀರು ತುಂಬಿ ಕುಡಿದಳು. ನಾನು ದೂರದಿಂದ ನೋಡಿದೆ. ನೀರು ಕುಡಿಯುತ್ತಾಳೆ ಎಂದುಕೊಂಡೆ. ಹತ್ತಿರ ಬರುವಷ್ಟರಲ್ಲಿ ಬಾಯಲ್ಲಿ ನೊರೆ. ಎಣ್ಣೆಯ ವಾಸನೆ ಅವಳ ಉಸಿರಿನಲ್ಲೇ ಬರುತ್ತಿತ್ತು. ಮಾನ್ವಿ ದಾರಿಯಲ್ಲಿ ನನ್ನ ಹೆಗಲ ಮೇಲೆ ತಣ್ಣಗಾದಳು.

ಸಾಹುಕಾರ ಬಂದು, "ಹಾವು ಕಡದದ ನೋಡ್ರಿ, ಪಾಪ" ಎಂದ. ಅವನ ಹೊಲ ಬಿಟ್ಟರೆ ನಮಗೆ ಬೇರೆ ಹೊಲ ಇರಲಿಲ್ಲ. ಮುಂದಿನದು ನಿನ್ನವ್ವ ನಿನಗೆ ಹೇಳಿದ ಕಥೆ. ಕೂಸು ಅನ್ನ ಬಿಟ್ಟಿತ್ತು, ಅವಳು ಇನ್ನೇನು ಮಾಡಬೇಕಿತ್ತು? ಸಾಯುವವರೆಗೂ "ನಾಗಿಗೆ ಹೇಳಬ್ಯಾಡ" ಎಂದಳು. ಕಣ್ಣಾರೆ ಕಂಡವಳಿಗೆ ಹೇಳುವುದೇನಿದೆ ಎಂದುಕೊಂಡು ನಾನೂ ಬಿಟ್ಟೆ.

ನಿನ್ನ ಪುಸ್ತಕದಲ್ಲಿ ಚಿನ್ನಿ ಬೆಳ್ಳಿ ಲೋಟದಲ್ಲಿ ಪಾನಕ ಕುಡಿದ ಕೂಡಲೇ ಹಾವು ಬರುತ್ತದೆ. ಆ ಲೋಟ ಎಲ್ಲಿ ನೋಡಿದ್ದೆ ನೀನು? ನಮ್ಮ ಮನೆಯಲ್ಲಿ ಬೆಳ್ಳಿ ಎಲ್ಲಿತ್ತು?

ಕಥೆ ಓದಿ ಯಾರೂ ಕೂಲಿಗೆ ಹೋಗುವುದಿಲ್ಲ ಎಂದೆಯಲ್ಲ, ಇಲ್ಲಿ ಹುಡುಗಿಯರು ಸೂಟಿಯ ದಿನ ಎಣಿಸುತ್ತಿದ್ದಾರೆ. ನಮ್ಮ ಮನೆ ಆ ಹೊಲದಿಂದ ಹೊರಬರಲು ಮೂರು ತಲೆಮಾರು ಬೇಕಾಯಿತು. ಮಗ ಸರ್ಕಾರಿ ಬಸ್ಸಿನಲ್ಲಿದ್ದಾನೆ, ಸೊಸೆ ಅಂಗನವಾಡಿಯಲ್ಲಿದ್ದಾಳೆ. ಈಗ ಮೊಮ್ಮಗಳು ಓಡೋಡಿ ವಾಪಸು ಹೋಗುತ್ತೇನೆ ಎನ್ನುತ್ತಾಳೆ. ತಾಯಿ ತಂದೆ ನಗುತ್ತಾರೆ, ಆಟ ಎನ್ನುತ್ತಾರೆ.

ಬರಲಾಗದಿದ್ದರೆ ಒಂದು ಪುಟ ಬರೆದು ಕಳಿಸು. ನಿನ್ನ ಸಹಿ ಇರಲಿ. "ನಾನು ಬರೆದ ಲೋಟ ಬೆಳ್ಳಿಯದಲ್ಲ, ಆ ಹೊಲಕ್ಕೆ ಹೋಗಬೇಡಿ" ಎಂದಿರಲಿ. ಸಾಲಿಯಲ್ಲಿ ಓದಿಸುತ್ತೇನೆ. ಅಕ್ಟೋಬರ್ ಮೂರಕ್ಕೆ ಸೂಟಿ ಶುರು.

ಯಂಕೋಬ


ರಾಯಚೂರು
6 ಅಕ್ಟೋಬರ್ 2024

ಮಾವಾ,

ನನಗೆ ಗೊತ್ತಿರಲಿಲ್ಲ. ನೀನು ನಂಬಿದರೂ ಸರಿ, ಬಿಟ್ಟರೂ ಸರಿ.

ಪತ್ರ ಬಂದು ಬಹಳ ದಿನವಾಯಿತು. ದಿನಾ ಒಂದು ಪುಟ ಬರೆಯಲು ಕೂರುತ್ತೇನೆ. "ಮಕ್ಕಳೇ" ಎಂದು ಬರೆಯುತ್ತೇನೆ, ಮುಂದೆ ಹೋಗುವುದಿಲ್ಲ. ನೊರೆ ಒರೆಸಿದ್ದು ನೆನಪಿದೆ. ಡಬ್ಬಿ ನೆನಪಿರಲಿಲ್ಲ, ನಿನ್ನ ಪತ್ರ ಓದಿದ ಮೇಲೆ ನೆನಪಾಗುತ್ತಿದೆ. ಅಥವಾ ನೀನು ಬರೆದದ್ದರಿಂದ ನೆನಪು ಎನಿಸುತ್ತಿದೆಯೋ. ಲೋಟ ಎಲ್ಲಿಂದ ಬಂತೆಂದು ಕೇಳಿದೆಯಲ್ಲ. ಚಿತ್ರ ಬರೆಯುವವರಿಗೆ ನಾನೇ ಹೇಳಿದ್ದೆ: "ಬಿಸಿಲಿಗೆ ಹೊಳೆಯಬೇಕು, ಅಂಚು ಸ್ವಲ್ಪ ಸೊಟ್ಟ ಇರಬೇಕು" ಎಂದು. ಸೊಟ್ಟ ಯಾಕೆ ಎಂದು ಅವರು ಕೇಳಿದ್ದರು. ಗೊತ್ತಿಲ್ಲ, ಹಾಗೇ ಇರಲಿ ಎಂದಿದ್ದೆ.

ಆ ಪುಟ ಬರೆದರೆ ಮೂಕಿ ಇನ್ನೊಮ್ಮೆ ಸಾಯುತ್ತಾಳೆ ಮಾವಾ. ಹಾವಿನ ಮನೆಯಲ್ಲಿ ಅವಳಿಗೆ ಈಗ ಹದಿನೆಂಟು. ನೂರಾರು ಊರುಗಳಲ್ಲಿ ಮಕ್ಕಳು ಅವಳಿಗೆ ಪತ್ರ ಬರೆಯುತ್ತಾರೆ. ಅವರಿಗೆ ಏನು ಹೇಳಲಿ? ಸ್ವಲ್ಪ ಸಮಯ ಕೊಡು. ನವೆಂಬರ್ ಮಧ್ಯದವರೆಗೆ ಕೊಡು, ಅಲ್ಲಿಯವರೆಗೆ ನನಗೊಂದು ತಪ್ಪಿಸಲಾಗದ ಕೆಲಸವಿದೆ. ಅದು ಮುಗಿದರೆ ಬರುತ್ತೇನೆ, ಖಂಡಿತ ಬರುತ್ತೇನೆ.

ವಿಶಾಖಾಳನ್ನು ಮನೆಯಲ್ಲೇ ಇಟ್ಟುಕೋ. ಪುಸ್ತಕಗಳನ್ನು ತೆಗೆದಿಡು.

ನಾಗಿ


ಮಸರಕಲ್
30 ಅಕ್ಟೋಬರ್ 2024

ನಾಗವೇಣಿ,

ನಿನ್ನ ಪತ್ರ ಬಂದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ರಾಯಚೂರಿನ ಆಸ್ಪತ್ರೆಯಲ್ಲಿದ್ದೆವು. ನೀನಿರುವ ಊರಲ್ಲೇ. ನಿನಗೆ ಹೇಳಿ ಕಳಿಸುತ್ತೇನೆ ಎಂದು ಶೇಖರ ಅಂದ. ನಾನೇ ಬೇಡ ಎಂದೆ. ಬಂದು ಹಣ್ಣು ಕೊಟ್ಟು ಹೋಗುವುದು ನನಗೆ ಬೇಕಿರಲಿಲ್ಲ.

ಸೂಟಿಯಲ್ಲಿ ನಾನು ದಿನಾ ಬಾಗಿಲಲ್ಲಿ ಹಾಸಿಗೆ ಹಾಕಿ ಕೂತಿದ್ದೆ. ಆವತ್ತು ಅವಳು ಹಿತ್ತಲ ಗೋಡೆ ಹಾರಿದಳು. ಗೆಳತಿ ಅಸ್ಮತ್ ಜೊತೆ ಟೆಂಪೊ ಹತ್ತಿದಳು. ಬೆಳಗ್ಗೆಯೆಲ್ಲ ಹೂ ಮುಟ್ಟಿಸಿದರಂತೆ, ಹಾಡು ಹೇಳಿದರಂತೆ. ಮಧ್ಯಾಹ್ನ ವಿಶಾಖಾ ಬೆಳ್ಳಿ ಲೋಟ ಹುಡುಕಿದಳಂತೆ. ಈಗ ತಗಡಿನ ಡಬ್ಬಿ ಇಲ್ಲ, ಎಣ್ಣೆ ಅಳೆಯಲು ಸ್ಟೀಲಿನ ಲೋಟ ಇಟ್ಟಿರುತ್ತಾರೆ. ಕುಡಿಯುವ ನೀರು ಅಲ್ಲೇ ಕ್ಯಾನಿನಲ್ಲಿತ್ತು, ಯಾರು ಬೇಕಾದರೂ ಮುಟ್ಟಬಹುದಿತ್ತು. ಅವಳಿಗೆ ಬಾಯಾರಿಕೆಯೂ ಇರಲಿಲ್ಲ. "ಇದರಾಗ ಕುಡದ್ರ ಹಾವು ಬರ್ತದ, ನೀವೆಲ್ಲ ನೋಡ್ರಿ" ಎಂದು ಹುಡುಗಿಯರನ್ನು ಸುತ್ತ ಕೂರಿಸಿ ಅದರಲ್ಲಿ ನೀರು ಹಾಕಿಕೊಂಡು ಕುಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಇದನ್ನು ಹೇಳಿದವಳು ಅಸ್ಮತ್. ಹೇಳುವಷ್ಟರಲ್ಲಿ ಎರಡು ದಿನ ಕಳೆದಿತ್ತು, ಹೆದರಿ ಬಾಯಿ ಬಿಟ್ಟಿರಲಿಲ್ಲ.

ಶಿವರಾಜನೇ ಎತ್ತಿಕೊಂಡು ಒಂದು ಸಣ್ಣ ದವಾಖಾನೆಗೆ ಹೋದ. "ಹಾವು ಕಡದಂಗದ ಡಾಕ್ಟ್ರೇ" ಎಂದ. ಡಾಕ್ಟರು ಹುಡುಗಿಯನ್ನೇ ಕೇಳಿದರು. ಕಣ್ಣು ಮಂಜಾಗಿ, ಬೆವತು, ಜೊಲ್ಲು ಸುರಿಸುತ್ತ ಅವಳು ಏನೆಂದಳು ಗೊತ್ತೇ? "ಹೌದ್ರಿ. ಬಿಳೀದು. ನನ್ನ ಕರಕೊಂಡು ಹೋಗಾಕ ಬಂದದ್ರಿ." ಖುಷಿಯಿಂದ ಹೇಳಿದಳಂತೆ. ಹಾವಿನ ಇಂಜೆಕ್ಷನ್ ಕೊಟ್ಟರು. ನಾನು ಆಟೊದಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಉಸಿರು ಗೊರಗುಡುತ್ತಿತ್ತು. ಬಾಯಿ ಹತ್ತಿರ ಮೂಗು ಇಟ್ಟೆ. ಆ ವಾಸನೆ ನಾನು ಮರೆಯುವವನಲ್ಲ. "ಇದು ಎಣ್ಣಿರೀ, ಹಾವಲ್ಲ!" ಎಂದು ಚೀರಿದೆ. "ಹುಡುಗಿನೇ ಹಾವು ಅಂತದ, ನಿಂದೇನಜ್ಜಾ" ಎಂದು ಕಾಂಪೌಂಡರ್ ನನ್ನನ್ನು ಹೊರಗೆ ಕೂರಿಸಿದ. ಶೇಖರ ಬಸ್ಸು ಬಿಟ್ಟು ಓಡಿ ಬಂದ ಮೇಲೆ ಅಂಬುಲೆನ್ಸ್ ಆಯಿತು. ರಾಯಚೂರಿನ ದೊಡ್ಡ ಡಾಕ್ಟರು ಕಣ್ಣಿಗೆ ಬ್ಯಾಟರಿ ಹಾಕಿ ನೋಡಿದ ಕೂಡಲೇ ಎಣ್ಣೆ ಎಂದರು.

ಸತ್ತಿಲ್ಲ. ಒಂದು ವಾರವಾದ ಮೇಲೆ ಮನೆಗೆ ಬಂದಳು. ಬದುಕಿತು ಎಂದು ಸೊಸೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಕಾಲು ಜುಮ್ಮೆನ್ನುತ್ತವೆ ಎಂದಳು. ಈಗ ನಿಂತರೆ ಪಾದ ಜೋಲುತ್ತವೆ, ಬೀಳುತ್ತಾಳೆ. ಈ ಎಣ್ಣೆ ಹೀಗೂ ಮಾಡುತ್ತದೆ, ತಡವಾಗಿ ಕಾಲಿಗೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಕಾಲಿಗೆ ಬಲ ಮತ್ತೆ ಬರಬಹುದು, ಬರದೆಯೂ ಇರಬಹುದಂತೆ. ಸೊಂಟ ಮುರಿದ ಮುದುಕ ಒಂದು ಹಾಸಿಗೆ, ಒಂಬತ್ತರ ಹುಡುಗಿ ಒಂದು ಹಾಸಿಗೆ. ಶೌಚಕ್ಕೆ ಅವಳನ್ನು ಎತ್ತುವಾಗ ಅವಳಪ್ಪ ಮುಖ ಆ ಕಡೆ ತಿರುಗಿಸುತ್ತಾನೆ.

ಅವಳು ಹಾವು ಎಂದೇ ಹೇಳುತ್ತಾಳೆ ಇನ್ನೂ. "ಅರ್ಧ ದಾರಿಗೆ ಬಿಟ್ಟು ಹೋತಜ್ಜಾ. ನಾ ಏನು ತಪ್ಪು ಮಾಡೀನಿ?" ಎಂದು ಕೇಳುತ್ತಾಳೆ. ನಾನು ಲೋಟದ ವಿಷಯ ಹೇಳಿದೆ, ಮೂಕಿಯ ವಿಷಯ ಹೇಳಿದೆ. ಗೋಡೆಯ ಕಡೆ ಹೊರಳಿದಳು. ಮೊದಲ ಆಸ್ಪತ್ರೆಯ ಚೀಟಿ ಶಿವರಾಜನ ಹತ್ತಿರ ಇದೆ, ಅದನ್ನು ತೋರಿಸಿ ಊರಲ್ಲೆಲ್ಲ ಹಾವು ಎಂದು ಹೇಳಿದ್ದಾನೆ. ಊರೂ ಹೌದೆಂದಿದೆ. ಸೂಟಿ ಮುಗಿದರೂ ಟೆಂಪೊ ನಿಂತಿಲ್ಲ. ಇವತ್ತು ಬೆಳಗ್ಗೆಯೂ ಹುಡುಗಿಯರು ಹಾಡುತ್ತ ಹೋದರು, ಸಾಲಿ ಬಿಟ್ಟು.

ಇನ್ನೊಂದು. ಶೇಖರ ಮಾನ್ವಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ನೋಡಿ ಬಂದ. ನವೆಂಬರ್ ಹದಿನಾಲ್ಕಕ್ಕೆ ಅಲ್ಲಿ ಮಕ್ಕಳ ದಿನಾಚರಣೆ. ಬೀಜದ ಕಂಪನಿಯ ಖರ್ಚು, ಸಾವಿರಾರು ಮಕ್ಕಳಿಗೆ "ಹತ್ತಿಹೂವಿನ ದಿಬ್ಬಣ" ಹಂಚುತ್ತಾರಂತೆ. ಮುಖ್ಯ ಅತಿಥಿ ನೀನು. ನಿನ್ನ ಫೋಟೊ ದೊಡ್ಡದು, ಶಿವರಾಜನದು ಮೂಲೆಯಲ್ಲಿ ಚಿಕ್ಕದು. ಅದೇ ತಪ್ಪಿಸಲಾಗದ ಕೆಲಸ. ಕಂಪನಿಯ ವಿಷಯ ಹೆಚ್ಚು ತಿಳಿಯದು ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆ ನೀನು.

ಬಯ್ಯಲು ಬರೆಯುತ್ತಿಲ್ಲ. ಬಯ್ದು ನನಗೆ ಸಾಕಾಗಿದೆ. ಹೋಗಬೇಡ ಎಂದೂ ಹೇಳುವುದಿಲ್ಲ. ಹೋಗು. ಸುತ್ತಲ ಊರುಗಳ ಹುಡುಗಿಯರೆಲ್ಲ ಅಲ್ಲಿರುತ್ತಾರೆ, ಅವರ ತಾಯಂದಿರು ಇರುತ್ತಾರೆ, ನಿನ್ನ ಮುಂದೆ ಮೈಕು ಇರುತ್ತದೆ. ಮೂಕಿ ಎಣ್ಣೆ ಕುಡಿದು ಸತ್ತಳು, ವಿಶಾಖಾ ನನ್ನ ಪುಸ್ತಕ ಓದಿ ಕಾಲು ಕಳೆದುಕೊಂಡಳು ಎಂದು ಹೇಳು. ನಿನಗೆ ಆಮೇಲೆ ಯಾರೂ ಪತ್ರ ಬರೆಯಲಿಕ್ಕಿಲ್ಲ, ಪ್ರಶಸ್ತಿ ಕೊಡಲಿಕ್ಕಿಲ್ಲ, ಹಾವಿನ ಮನೆಯ ಬಾಗಿಲು ಮುಚ್ಚಬಹುದು. ಅದು ನನಗೆ ಗೊತ್ತು. ಮೂಕಿ ನನ್ನ ಹೆಗಲ ಮೇಲೆ ಸತ್ತವಳು, ನಾನೇನು ಕಲ್ಲಲ್ಲ.

ಹೇಳುವುದಾದರೆ ಶೇಖರ ವಿಶಾಖಾಳನ್ನು ಎತ್ತಿಕೊಂಡು ಬರುತ್ತಾನೆ, ನಿನ್ನ ಪಕ್ಕ ಕೂರಿಸುತ್ತಾನೆ. ನಾನು ಜೀಪಿನಲ್ಲಿ ಮಲಗಿಕೊಂಡಾದರೂ ಬರುತ್ತೇನೆ. ಹೇಳುವುದಿಲ್ಲವಾದರೆ ಅದನ್ನೂ ಬರೆ. ಆಗ ನಾವು ಬೇರೆ ದಾರಿ ನೋಡಬೇಕು, ಅದಕ್ಕೆ ನಮಗೆ ಸಮಯ ಬೇಕು.

ಹೌದು ಅಥವಾ ಇಲ್ಲ. ಕೈಯಿಂದ ನೀನೇ ಬರೆಯಬೇಕು, ಕಾರ್ಡು ಬೇಡ. ನವೆಂಬರ್ ಹತ್ತರೊಳಗೆ ಉತ್ತರ ಇಲ್ಲಿ ಮುಟ್ಟಬೇಕು.

ಯಂಕೋಬ